ಚೂರು

"ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು?" ಎಂದು ವಕೀಲರು ಕೇಳಿದರು. ಸಾಕ್ಷಿ ಹೇಳುತ್ತಿದ್ದ ಹೆಂಗಸು ಒಂದು ಉಸಿರೂ ತಡೆಯದೆ "ನನಗೆ ಈಗ ನೆನಪಿಲ್ಲ" ಅಂದಳು. ನಾನು ಪೆಡಲಿನಿಂದ ಕಾಲೆತ್ತಿ ಧ್ವನಿ ನಿಲ್ಲಿಸಿ 'ನೆಇ' ಎಂದು ಎರಡಕ್ಷರ ಒತ್ತಿದೆ. ಪರದೆಯ ಮೇಲೆ 'ನನಗೆ ಈಗ ನೆನಪಿಲ್ಲ' ಎಂಬ ಇಡೀ ವಾಕ್ಯ ಬಂದು ಕೂತಿತು.

ಒಂದು ವಕೀಲರ ಕಚೇರಿಗೆ ಹದಿನೆಂಟು ವರ್ಷದಿಂದ ನಾನು ಸಾಕ್ಷಿಗಳ ಹೇಳಿಕೆ ಟೈಪು ಮಾಡಿಕೊಡುತ್ತಿದ್ದೇನೆ. ಕಿವಿಗೆ ಹೆಡ್‌ಫೋನು, ಕೈಗೆ ಕೀಬೋರ್ಡು, ಕಾಲಿಗೆ ಪೆಡಲು. ಪೆಡಲು ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಮೂರು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಹೊಲಿಗೆ ಯಂತ್ರದ ಹಾಗೆ, ಬಟ್ಟೆಯ ಬದಲು ಮಾತು. ಇಷ್ಟು ವರ್ಷ ಜನರ ಮಾತನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನಾನು ಒಂದು ಸಂಗತಿ ಕಂಡುಕೊಂಡಿದ್ದೇನೆ. ನಿಜವಾಗಿ ಮರೆತವರು ತಡವರಿಸುತ್ತಾರೆ. "ಇರಿ, ಅವತ್ತು..." ಎಂದು ಹುಡುಕುತ್ತಾರೆ. ಹೇಳುವ ಮನಸ್ಸಿಲ್ಲದವರು ಮಾತ್ರ ಪಟ್ಟನೆ "ನೆನಪಿಲ್ಲ" ಅಂದುಬಿಡುತ್ತಾರೆ. ಇದು ಅಣ್ಣತಮ್ಮಂದಿರ ಮನೆ ಪಾಲಿನ ಮೊಕದ್ದಮೆ. ಆ ಹೆಂಗಸಿಗೆ ಬೀಗದ ಕೈ ಎಲ್ಲಿತ್ತೆಂಬುದು ಚೆನ್ನಾಗಿ ಗೊತ್ತಿತ್ತು. ಅದು ನನ್ನ ಉಸಾಬರಿಯಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಟೈಪು ಮಾಡುವುದಷ್ಟೇ ನನ್ನ ಕೆಲಸ.

ಮುಂದಿನ ಪ್ರಶ್ನೆಗೆಂದು ಪೆಡಲು ಒತ್ತಿದೆ. ಧ್ವನಿ ಬರಲಿಲ್ಲ. ಪರದೆ ಕಪ್ಪಾಯಿತು. ಆಮೇಲೆ ಚುಕ್ಕೆಗಳು ಸುತ್ತತೊಡಗಿ, 'ತಾಳಿ, ನಿಮಗಾಗಿ ಎಲ್ಲವನ್ನೂ ಅಣಿಗೊಳಿಸುತ್ತಿದ್ದೇವೆ' ಎಂಬ ಅರ್ಥದ ಒಂದು ಸಾಲು ಅವುಗಳ ಕೆಳಗೆ ಕಾಣಿಸಿತು.

ನನಗಾಗಿಯಂತೆ! ನನಗಾಗಿ ಈ ಮನೆಯಲ್ಲಿ ನಡೆಯುವ ಉಪಕಾರಗಳೆಲ್ಲ ಹೀಗೇ. ಮೊದಲು ನನ್ನ ಕೈ ಕಟ್ಟುತ್ತಾರೆ, ಆಮೇಲೆ ಉಪಕಾರ ಶುರು.

"ರೀ, ಮತ್ತೆ ನಿಂತುಹೋಯ್ತು" ಎಂದು ಕೂಗಿದೆ.

ಗಂಡ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಅಪ್‌ಡೇಟ್ ಅದು. ನಿನ್ನ ಒಳ್ಳೇದಕ್ಕೇ ಆಗೋದು. ಮುಟ್ಟಬೇಡ."

"ನಾಳೆ ಹತ್ತಕ್ಕೆ ಕೊಡಬೇಕು ರೀ. ಇನ್ನೂ ಎರಡು ಗಂಟೆಯ ರೆಕಾರ್ಡಿಂಗ್ ಉಳಿದಿದೆ."

"ಇನ್ನೊಂದು ಐದು ನಿಮಿಷ."

'ಇನ್ನೊಂದು ಐದು ನಿಮಿಷ'ಕ್ಕೂ ನನ್ನಲ್ಲಿ ಒಂದು ಚಿಕ್ಕ ರೂಪವಿದೆ, 'ಐನಿ'. ಯಾವ ಸಾಕ್ಷಿಯೂ ಆ ಮಾತು ಹೇಳುವುದಿಲ್ಲ. ಅದನ್ನು ನಾನು ಸೇರಿಸಿದ್ದು ಬರೀ ಹೊಟ್ಟೆಯುರಿಗೆ.

ಈ ಚಿಕ್ಕ ರೂಪಗಳದ್ದೇ ಒಂದು ಫೈಲು ನನ್ನ ಕಂಪ್ಯೂಟರಿನಲ್ಲಿತ್ತು. ಹೆಸರು 'ಚೂರು'. 'ನಾಕಂ' ಎಂದು ಒತ್ತಿದರೆ 'ನಾನು ಕಣ್ಣಾರೆ ಕಂಡಿದ್ದೇನೆ', 'ಯಾಹೇ' ಎಂದರೆ 'ಯಾರೋ ಹೇಳಿದ್ದನ್ನು ಕೇಳಿದ್ದೇನೆ'. ಹೀಗೆ ಮೂರು ಸಾವಿರದ ನಾನೂರು. ಮೊದಲ ವರ್ಷ ಇಪ್ಪತ್ತಿದ್ದವು. ಒಂದೊಂದು ಮೊಕದ್ದಮೆಗೂ ನಾಲ್ಕೈದು ಸೇರುತ್ತ ಸೇರುತ್ತ ಅಷ್ಟಾದವು. ಅದಿದ್ದರೆ ಒಂದು ಗಂಟೆಯ ಮಾತು ಮೂರು ಗಂಟೆಯಲ್ಲಿ ಟೈಪಾಗುತ್ತದೆ. ಇಲ್ಲದಿದ್ದರೆ ಏಳು. ಕಚೇರಿಯವರು ಹೊರಗೆ ಬೇರೆ ಯಾರನ್ನೂ ಹುಡುಕದೆ ನನಗೇ ಕೆಲಸ ಕಳಿಸುವುದು ಆ ಫೈಲಿನ ದೆಸೆಯಿಂದ. ಮನೆಯಲ್ಲಿ ನನ್ನದು ಎಂದು ಬೊಟ್ಟು ಮಾಡಿ ತೋರಿಸಬಹುದಾದ ಆಸ್ತಿ ಅದೊಂದೇ.

ಕಂಪ್ಯೂಟರ್ ಕೂಡ ನನ್ನ ದುಡಿಮೆಯದೇ, ಆದರೆ ಅದನ್ನು ನನ್ನದು ಅನ್ನುವ ಹಾಗಿರಲಿಲ್ಲ. ಅದರ ಮೇಲೆ ಇಬ್ಬರು ಯಜಮಾನರಿದ್ದರು. ಗೋದಾಮಿನ ಮೇಲ್ವಿಚಾರಕರಾದ ನನ್ನ ಗಂಡನಿಗೆ ಕಾಸು ಕೊಟ್ಟು ತಂದದ್ದರ ಮೇಲೆ ಮಾತ್ರ ನಂಬಿಕೆ. ಮಹಡಿಯ ಮನೆಯಲ್ಲಿರುವ ಮೈದುನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾನೆ, ಅವನಿಗೆ ಪುಕ್ಕಟೆ ಸಿಕ್ಕಿದ್ದರ ಮೇಲೆ ಮಾತ್ರ ಭಕ್ತಿ. ಕಂಪ್ಯೂಟರನ್ನು ನಡೆಸಲು ಒಬ್ಬೊಬ್ಬರು ಒಂದೊಂದರಂತೆ ಹಿಡಿದುಕೊಂಡ ಎರಡು ಸಿಸ್ಟಮ್ಮುಗಳ ಹೆಸರು ನನಗೂ ಗೊತ್ತು. ಆದರೆ ಇವರಿಬ್ಬರ ಬಾಯಲ್ಲಿ ದಿನಾ ಕೇಳಿ ಕೇಳಿ ಎಷ್ಟು ವಾಕರಿಕೆ ಬಂದಿದೆಯೆಂದರೆ, ನಾನು ಅವನ್ನು ದುಡ್ಡಿನದು, ಬಿಟ್ಟಿಯದು ಎಂದಷ್ಟೇ ಕರೆಯುತ್ತೇನೆ.

ಹೋದ ವರ್ಷ ಮೈದುನ ಎರಡನ್ನೂ ಒಂದೇ ಪೆಟ್ಟಿಗೆಯೊಳಗೆ ಕೂರಿಸಿದ್ದ. ಆನ್ ಮಾಡಿದರೆ 'ಯಾವುದು ಬೇಕು' ಎಂದು ಕೇಳಿ, ಹತ್ತರಿಂದ ಕೆಳಕ್ಕೆ ಎಣಿಸುತ್ತದೆ. ಅಷ್ಟರಲ್ಲಿ ಹೇಳದಿದ್ದರೆ ಬಿಟ್ಟಿಯದು ತಾನಾಗಿ ಏಳುತ್ತದೆ. ಬಿಟ್ಟಿಯದಕ್ಕೆ ನನ್ನ ಪೆಡಲಿನ ಗುರುತೇ ಇಲ್ಲ, ಯಾರೋ ದೂರದ ನೆಂಟರು ಬಂದ ಹಾಗೆ ಸುಮ್ಮನೆ ನೋಡುತ್ತದೆ. ದುಡ್ಡಿನದಕ್ಕೆ ಗುರುತಿದೆ, ಆದರೆ ಅದಕ್ಕೆ ಮನಸ್ಸು ಬಂದಾಗ ಬಾಗಿಲು ಹಾಕಿಕೊಂಡು ಅಲಂಕಾರಕ್ಕೆ ಕೂತುಬಿಡುತ್ತದೆ.

"ಇಬ್ಬರು ಸವತಿಯರನ್ನ ಒಂದೇ ಕೋಣೇಲಿ ಕೂಡಿಹಾಕಿದ ಹಾಗಾಯ್ತು" ಎಂದಿದ್ದರು ಅತ್ತೆ. "ಒಬ್ಬಳು ಎದ್ದರೆ ಇನ್ನೊಬ್ಬಳು ಮುಸುಕು ಹಾಕ್ಕೊಂಡು ಮಲಗ್ತಾಳೆ."

ಆ ಭಾನುವಾರದ 'ಐದು ನಿಮಿಷ' ನಲವತ್ತಾಯಿತು. ಪರದೆ ಹೊಸ ಚಿತ್ರ ಹೊತ್ತು ಎದ್ದು ಬಂತು. ಯಾವುದೋ ಬೆಟ್ಟ, ಯಾವುದೋ ಸರೋವರ. ಪೆಡಲು ಒತ್ತಿದೆ. ಮಾತಿಲ್ಲ. ಇನ್ನೊಮ್ಮೆ ಒತ್ತಿದೆ. ದುಡ್ಡಿನದೂ ಈಗ ಪೆಡಲನ್ನು ಮರೆತಿತ್ತು.

ಗಂಡ ಬಂದು ಬಗ್ಗಿ ನೋಡಿದರು. "ಸಿಸ್ಟಮ್ಮಲ್ಲಿ ಏನೂ ತೊಂದರೆ ಇಲ್ಲ. ನಿನ್ನ ಪೆಡಲು ಹಳೇದಾಯ್ತು."

"ಮುಕ್ಕಾಲು ಗಂಟೆ ಮುಂಚೆ ಹೊಸದಾಗಿತ್ತಾ?"

ಮೆಟ್ಟಿಲ ಮೇಲಿಂದಲೇ ವಾಸನೆ ಹಿಡಿದವನಂತೆ ಮೈದುನ ಇಳಿದು ಬಂದ. ಮುಖದಲ್ಲಿ ಮದುವೆಯ ಕಳೆ. "ನಾನು ಅವತ್ತೇ ಹೇಳಿದೆ ಅತ್ತಿಗೆ. ದುಡ್ಡು ಕೊಟ್ಟು ಕಾಯಿಲೆ ತಂದುಕೊಂಡಿದ್ದಾನೆ ಅಣ್ಣ."

"ನಿಂದು ಪುಕ್ಕಟೆ ಕಾಯಿಲೆ ಕಣೋ. ಒಂದು ಪ್ರಿಂಟ್ ತೆಗೀಬೇಕಾದರೆ ಹೋದ ಸಲ ಮೂರು ದಿನ ಬೇಕಾಯ್ತು."

"ಅದು ಪ್ರಿಂಟರ್ ತಪ್ಪು."

"ಹೌದಪ್ಪ, ಯಾವಾಗಲೂ ಬೇರೆಯವರದೇ ತಪ್ಪು."

"ನನ್ನ ಪೆಡಲು" ಎಂದೆ.

ಮೈದುನ ನನ್ನ ಕಡೆ ತಿರುಗಿದ. "ಅದನ್ನೇ ಕೇಳಬೇಕು ಅಂತಿದ್ದೆ ಅತ್ತಿಗೆ. ಈ ಕಾಲದಲ್ಲಿ ಯಾರಾದರೂ ಕಾಲಲ್ಲಿ ಕೆಲಸ ಮಾಡ್ತಾರಾ? ಕೀಬೋರ್ಡಲ್ಲೇ ಬಟನ್ ಇದೆ."

"ಕೈ ಟೈಪು ಮಾಡ್ತಾ ಇರುತ್ತಲ್ಲಪ್ಪ."

"ಅಭ್ಯಾಸ ಆದರೆ ಸರಿಹೋಗುತ್ತೆ."

"ಹಾಗಾದರೆ ನೀನೂ ನಾಳೆಯಿಂದ ಕಾರಿನ ಬ್ರೇಕನ್ನ ಕೈಯಲ್ಲೇ ಒತ್ತು."

ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ನಕ್ಕರು. ಗಂಡಸರಿಬ್ಬರೂ ನಗಲಿಲ್ಲ. ಅವರು ಆಗಲೇ ಸಂಧಾನಕ್ಕೆ ಇಳಿದಿದ್ದರು. ಒಳಗಿರುವ ಕಸವನ್ನೆಲ್ಲ ಒಮ್ಮೆ ಪೂರ್ತಿ ಗುಡಿಸಿ, ಎರಡು ಸಿಸ್ಟಮ್ಮನ್ನೂ ಹೊಸದಾಗಿ ಹಾಕುವುದು. ಈ ಸಲ ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ. ಅರ್ಧ ಜಾಗ ಅಣ್ಣನ ಪಕ್ಷಕ್ಕೆ, ಅರ್ಧ ತಮ್ಮನ ಪಕ್ಷಕ್ಕೆ.

"ಈ ಮನೆ ಪಾಲು ಮಾಡ್ಕೊಳ್ಳಿ ಅಂತ ಹತ್ತು ವರ್ಷದಿಂದ ಬಡ್ಕೊಂಡೆ, ಮಾಡ್ಕೊಳ್ಳಲಿಲ್ಲ" ಎಂದರು ಅತ್ತೆ. "ಈಗ ಅವಳ ಪೆಟ್ಟಿಗೆ ಪಾಲು ಮಾಡ್ಕೊಳ್ತಿದ್ದೀರಾ?"

"ಅಮ್ಮಾ, ನಿಂಗೆ ಗೊತ್ತಾಗಲ್ಲ" ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

"ಎಷ್ಟು ಹೊತ್ತು?" ಎಂದು ಕೇಳಿದೆ.

"ಅರ್ಧ ಗಂಟೆ. ಏನೂ ಹೋಗಲ್ಲ, ಬೇಕಾದ್ದನ್ನೆಲ್ಲ ಮೊದಲು ಪೆನ್‌ಡ್ರೈವಿಗೆ ಹಾಕ್ಕೊಂಡೇ ಮಾಡೋದು" ಎಂದರು ಗಂಡ.

"ಚೂರು ಫೈಲಿದೆ, ಅದನ್ನ ಮರೀಬೇಡಿ."

"ಗೊತ್ತು, ಗೊತ್ತು."

ನಾನು ಅಲ್ಲೇ ನಿಂತಿರಬೇಕಿತ್ತು. ಆದರೆ ವಾಷಿಂಗ್ ಮೆಷೀನ್ ನಿಂತು ಕೂಗುತ್ತಿತ್ತು. ಬಟ್ಟೆ ಹಿಂಡಿ ಬಕೆಟ್ಟಿಗೆ ತುಂಬಿದೆ, ಅಡುಗೆಗೆ ಇಟ್ಟೆ, ಒಲೆ ಆರಿಸಿದೆ. ಅರ್ಧ ಗಂಟೆ ಎರಡೂವರೆ ಗಂಟೆಯಾದ ಮೇಲೆ "ಬಾ, ನೋಡು ಬಾ" ಎಂದು ಕರೆದರು. ಪರದೆ ಫಳಫಳ ಹೊಳೆಯುತ್ತಿತ್ತು. ಪೆಡಲು ಒತ್ತಿದೆ. ವಕೀಲರು ಮಾತಾಡಿದರು. ನನಗೆ ಒಂದು ಕ್ಷಣ ಇವರಿಬ್ಬರ ಮೇಲೂ ಪ್ರೀತಿ ಬಂತು. ಆ ಹೆಂಗಸು ಇನ್ನೊಂದು ಸಲ "ನನಗೆ ಈಗ ನೆನಪಿಲ್ಲ" ಅಂದಳು. ನಾನು 'ನೆಇ' ಒತ್ತಿದೆ.

ಪರದೆಯ ಮೇಲೆ 'ನೆಇ' ಎಂದೇ ಇತ್ತು.

'ನಾಕಂ' ಒತ್ತಿದೆ. 'ನಾಕಂ' ಎಂದೇ ಉಳಿಯಿತು.

"ಚೂರು ಎಲ್ಲಿ?" ಎಂದೆ.

"ಯಾವ ಚೂರು?" ಎಂದರು ಗಂಡ.

"ಚೂರು ಫೈಲಿದೆ, ಮರೀಬೇಡಿ ಅಂತ ಹೇಳಿ ಹೋದೆನಲ್ಲ."

"ಹೌದು. ಚೂರು ಫೈಲಿದೆ ಅಂದೆ. ಇದ್ದ ಚೂರುಪಾರನ್ನೆಲ್ಲ ತಗೊಂಡಿದ್ದೀನಿ. ನಿನ್ನ ರೆಕಾರ್ಡಿಂಗು, ನಮ್ಮ ಫೋಟೋ, ಇನ್ಶೂರೆನ್ಸ್ ಕಾಗದ, ಎಲ್ಲಾ."

"ಚೂರು ಅಂದರೆ ಸ್ವಲ್ಪ ಅಂತಲ್ಲ. ಅದು ಫೈಲಿನ ಹೆಸರು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಸತ್ಯ ಹೊರಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಫೈಲು ಅವರ ಕಣ್ಣಿಗೆ ಬಿದ್ದಿತ್ತು, ತೆರೆದೂ ನೋಡಿದ್ದರು. 'ನೆಇ', 'ಐನಿ', 'ಯಾಹೇ' ಎಂದೆಲ್ಲ ಪುಟಗಟ್ಟಲೆ ಕಂಡು, ಇದು ವೈರಸ್ಸು ಬಡಿದ ಫೈಲು ಎಂದಿದ್ದರು ಗಂಡ. ನಿಜ, ಇದನ್ನು ಮೊದಲು ಕಿತ್ತುಹಾಕಬೇಕು ಎಂದಿದ್ದ ಮೈದುನ. ಹುಟ್ಟಿದಂದಿನಿಂದ ಇಂದಿನವರೆಗೆ ಅಣ್ಣತಮ್ಮಂದಿರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಆಮೇಲೆ ಜಗಳ ಮತ್ತೆ ಹತ್ತಿಕೊಂಡಿತು.

"ನಿನ್ನ ದುಡ್ಡಿನ ಸಿಸ್ಟಮ್ಮಲ್ಲಿ ವೈರಸ್ ಬರೋದು ಮಾಮೂಲಿ ಅಲ್ವಾ, ಅದಕ್ಕೇ ನಾನು ನಂಬಿದ್ದು."

"ಅಳಿಸಿದ್ದು ಯಾರ ಕೈ?"

"ಅಳಿಸು ಅಂದಿದ್ದು ಯಾರ ಬಾಯಿ?"

ಅದರಲ್ಲಿ ಏನಿತ್ತು ಎಂದು ಇಬ್ಬರಲ್ಲೊಬ್ಬರೂ ಕೇಳಲಿಲ್ಲ. ನಾನೇ ಹೇಳಿದೆ. ಹದಿನೆಂಟು ವರ್ಷ, ಮೂರು ಸಾವಿರದ ನಾನೂರು.

ಗಂಡ ಗಲ್ಲ ಕೆರೆದುಕೊಂಡರು. "ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಮತ್ತೆ ಬರ್ಕೊಂಡರಾಯ್ತು. ದಿನಕ್ಕೆ ಹತ್ತು ಹತ್ತು ಹಾಕು, ಒಂದು ವರ್ಷದಲ್ಲಿ ಮುಗೀತು."

ಲೆಕ್ಕ ಸರಿಯಾಗಿತ್ತು. ಅದೇ ಬೇಜಾರು.

ಮೈದುನನಿಗೆ ಮಾತ್ರ ಉತ್ಸಾಹ ಉಕ್ಕಿತ್ತು. ಅಳಿಸಿಹೋದ ಫೈಲನ್ನು ಹೆಕ್ಕಿ ತರುವ ಒಂದು ಪ್ರೋಗ್ರಾಮಿದೆಯಂತೆ, ಪುಕ್ಕಟೆ. ಅದಕ್ಕಿಂತ ಒಳ್ಳೆಯದು ಇನ್ನೊಂದಿದೆಯಂತೆ, ಅದಕ್ಕೆ ದುಡ್ಡಂತೆ. ಯಾವುದನ್ನು ಮೊದಲು ಹಾಕಬೇಕೆಂದು ಇಬ್ಬರೂ ಕುರ್ಚಿ ಎಳೆದುಕೊಂಡರು. ನನ್ನ ಕುರ್ಚಿಯನ್ನೇ.

ನಾನು ಬಕೆಟ್ಟೆತ್ತಿಕೊಂಡು ಹಿತ್ತಲಿಗೆ ಹೋದೆ. ನಾಲ್ಕು ಅಂಗಿ ಒಣಹಾಕುವಷ್ಟರಲ್ಲಿ ಕಣ್ಣು ತುಂಬಿ ಬಂತು. ಅಳುವುದಕ್ಕೂ ಹೊತ್ತಿಲ್ಲ ಎಂದು ನೆನಪಾಗಿ, ಕಚೇರಿಯ ಹೆಡ್ ಕ್ಲಾರ್ಕಿಗೆ ಫೋನು ಮಾಡಿದೆ. ನನಗಿಂತ ಹಿರಿಯರು, ನಾನು ಅಕ್ಕ ಎನ್ನುವುದು.

"ಅಕ್ಕಾ, ನಾಳೆ ಹತ್ತಕ್ಕೆ ಆಗಲ್ಲ. ನನ್ನ ಚೂರು ಹೋಯ್ತು."

"ಹೋಯ್ತು ಅಂದರೆ? ಇಲ್ಲೇ ಇದೆಯಲ್ಲಮ್ಮ."

ನಾನು ಕೈಯಲ್ಲಿದ್ದ ಕ್ಲಿಪ್ಪು ಬೀಳಿಸಿದೆ.

"ನಾಲ್ಕು ವರ್ಷದ ಹಿಂದೆ ಹೊಸ ಟೈಪಿಸ್ಟಿಗೆ ಅಂತ ನೀನೇ ಕೊಟ್ಟೆಯಲ್ಲ. ನಾವು ದಿನಾ ಅದರಲ್ಲೇ ಟೈಪು ಮಾಡೋದು. ಅದಿರಲಿ, 'ಐನಿ' ಅಂತ ಒಂದಿದೆಯಲ್ಲ, ಅದು ಯಾವ ಸಾಕ್ಷೀದು?"

"ಅದು ಮನೇದು ಅಕ್ಕಾ."

ಅವರು ಅರ್ಥವಾದ ಹಾಗೆ ನಕ್ಕರು. "ಆ ಟೈಪಿಸ್ಟೂ ಕೆಲಸ ಬಿಟ್ಟಳು. ಮೇಜು ಖಾಲಿ ಬಿದ್ದಿದೆ. ಹೋದ ಸಲ ಕರೆದರೆ ನೀನು 'ಮನೇಲೇ ಎಲ್ಲಾ ಅನುಕೂಲ ಇದೆ ಅಂತಾರೆ ಇವರು' ಅಂದಿದ್ದೆ."

"ಅಂದಿದ್ದೆ."

"ನಾಳೆ ಏಳಕ್ಕೆ ಬಾ, ನಾನೇ ಬೀಗ ತೆಗೀತೀನಿ. ರೆಕಾರ್ಡಿಂಗ್ ಇಲ್ಲೇ ಇದೆ, ನೀನು ಇಲ್ಲೀವರೆಗೆ ಟೈಪು ಮಾಡಿ ಕಳಿಸಿದ್ದೂ ಇದೆ. ದೊಡ್ಡ ವಕೀಲರು ಹತ್ತು ಅಂತಾರೆ, ನೋಡೋದು ಊಟ ಆದ ಮೇಲೆ."

"ಅಲ್ಲಿ ನನ್ನ ಪೆಡಲು ನಡೆಯುತ್ತಾ? ಯಾವ ಸಿಸ್ಟಮ್ಮು ಅಕ್ಕಾ ಅದು?"

"ಯಾರಿಗೆ ಗೊತ್ತು? ಆನ್ ಮಾಡ್ತೀವಿ, ಆನ್ ಆಗುತ್ತೆ. ಬಿಟ್ಟುಹೋದ ಟೈಪಿಸ್ಟೂ ಪೆಡಲಲ್ಲೇ ಮಾಡ್ತಿದ್ದಳಲ್ಲ."

ಫೋನು ಇಟ್ಟು ಉಳಿದ ಬಟ್ಟೆಯನ್ನೆಲ್ಲ ಒಣಹಾಕಿದೆ, ಒಂದೊಂದನ್ನೂ ಕೊಡವಿ, ಅಂಚು ಹಿಡಿದು ಎಳೆದು. ಈ ನಾಲ್ಕು ವರ್ಷದಲ್ಲಿ ಸೇರಿಸಿದ ನಾನೂರು ಚೂರು ಹೋಗಿದ್ದವು. ಅವು ಬೆರಳಿಗೆ ಗೊತ್ತಿದ್ದವು, ಬರುತ್ತವೆ. ಕಚೇರಿಗೆ ಒಂದೇ ಬಸ್ಸು, ಇಪ್ಪತ್ತು ನಿಮಿಷದ ದಾರಿ. ಅಲ್ಲಿಗೆ ಹೋಗುವುದು ನಾಳೆ ಒಂದು ದಿನಕ್ಕಷ್ಟೆಯೋ ಎಂದು ನನ್ನನ್ನೇ ಕೇಳಿಕೊಂಡೆ. ಒಂದು ದಿನಕ್ಕಲ್ಲ ಎಂದು ಗೊತ್ತಾಯಿತು.

ಒಳಗೆ ಬಂದರೆ, ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ಇರುವೆಯ ಹಾಗೆ ಹರಿಯುತ್ತಿತ್ತು. ನೂರಕ್ಕೆ ಮೂರು ಮುಗಿದಿದೆ, ಇನ್ನು ಐವತ್ತೊಂದು ಗಂಟೆ ಎಂದು ತೋರಿಸುತ್ತಿತ್ತು. ಇಬ್ಬರೂ ಕ್ರಿಕೆಟ್ ನೋಡುವವರ ಹಾಗೆ ಮುಂದಕ್ಕೆ ಬಾಗಿ ಕೂತಿದ್ದರು. ಅತ್ತೆಯ ಮಡಿಲಲ್ಲಿ ಬಟಾಣಿ ಸಿಪ್ಪೆ ಮಾತ್ರ ಉಳಿದಿತ್ತು.

"ಸಿಗುತ್ತೆ ಅತ್ತಿಗೆ, ಹೆದರಬೇಡಿ" ಎಂದ ಮೈದುನ. "ನಾಡಿದ್ದು ಸಂಜೆಯೊಳಗೆ ಗೊತ್ತಾಗುತ್ತೆ."

"ಆಗಲಪ್ಪ, ನಿಧಾನಕ್ಕೆ ಹುಡುಕಿ."

ನಾನು ಮೇಜಿನಡಿ ಬಗ್ಗಿದೆ. ಪೆಡಲಿನ ವೈರನ್ನು ಮೆಲ್ಲಗೆ ಕಿತ್ತು, ಪೆಡಲಿಗೇ ಸುತ್ತಿದೆ.

"ಏನು ಮಾಡ್ತಿದ್ದೀಯ ಅಲ್ಲಿ?" ಎಂದರು ಗಂಡ, ಪರದೆಯಿಂದ ಕಣ್ಣು ತೆಗೆಯದೆ.

"ಕಸ ಇತ್ತು, ಗುಡಿಸ್ತಿದ್ದೀನಿ."

ಪೆಡಲು ನನ್ನ ಬಟ್ಟೆಯ ಚೀಲದೊಳಗೆ ಹೋಯಿತು, ಅದರ ಮೇಲೆ ಕೊಡೆ. ಅತ್ತೆ ನೋಡಿದರು. ಸಿಪ್ಪೆ ಕೊಡವಲು ಎದ್ದು ಹೋದರು.

"ಅಲ್ಲಾ," ಎಂದು ಗಂಡ ಈಗ ಪೂರ್ತಿ ನನ್ನ ಕಡೆ ತಿರುಗಿದರು. ಪಾಪ, ಮುಖ ನಿಜವಾಗಿಯೂ ಬಾಡಿತ್ತು. "ಬೇರೆ ಎಲ್ಲಾದರೂ ಅದರ ಕಾಪಿ ಇಟ್ಟಿದ್ದೆಯಾ? ಯಾರಿಗಾದರೂ ಕೊಟ್ಟಿದ್ದೆಯಾ? ಸ್ವಲ್ಪ ನೆನಪು ಮಾಡ್ಕೊಂಡು ಹೇಳು."

"ನನಗೆ ಈಗ ನೆನಪಿಲ್ಲ" ಎಂದೆ, ಒಂದು ಉಸಿರೂ ತಡೆಯದೆ.