ಸರ್ವರಿಗೆ ಕೊಟ್ಟ ಅಧಿಕಾರ

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ವಾಸನೆ, ಬಟ್ಟೆಯ ಗಂಟು ಬಿಚ್ಚುತ್ತಿದ್ದಾಳೆ ಮಾದೇವಿ, ನಿಮಗಂತ ತಂದೇನ್ರಿ ಸರ, ಬೇಡ, ಬೇಡ ಅನ್ನಬೇಕು, ಈ ಕೈಯಿಂದ ಹೇಗೆ ತಗೊಳ್ಳಲಿ — ಹುನ್ನೂರದಿಂದ ಮೊದಲ ಬಸ್ಸಿಗೆ ಬಂದಿದ್ದಾಳೆ, ನಾಳಿ ಅವ್ವ ತೀರಿ ವರ್ಸ ಆಕ್ಕೈತ್ರಿ, ಅಕಿ ಹಾಡ ಒಮ್ಮಿ ಕೇಳಿ ಹೋಗ್ತೀನಿ. ಜಮಖಂಡಿಯ ಈ ಕೋಣೆಯಲ್ಲಿ ಕುರುಬರ ಹಾಡುಗಳನ್ನು ಕೂಡಿಸಿಟ್ಟು ವೆಬ್‌ಸೈಟಿಗೆ ಏರಿಸುವವನು ನಾನೇ, ಬಾಳೇಶ ಸರ್, ಕಂಪ್ಯೂಟರ್ ಬಲ್ಲವನು — ಬಲ್ಲೆನೇ? ಜೊತೆಗೆ ಕೆಲಸ ಮಾಡುವ ಪ್ರತಿಮಾ ಹೇಳಿದ್ದಳಲ್ಲ, ಸರ್, ವೆಬ್ ಸರ್ವರಿಗೆ ಬ್ಯಾರೆ ಯೂಸರ್ ಮಾಡ್ರಿ, ಎಲ್ಲಾನೂ ಮುಟ್ಟೂ ಅಡ್ಮಿನ್ ಅಧಿಕಾರದಾಗ ಓಡಿಸಬ್ಯಾಡ್ರಿ, ಯಾರರೆ ಅದರಾಗ ಹೊಕ್ಕರೂ ಸೈಟಿನ ಫೋಲ್ಡರ್ ದಾಟಬಾರ್ದು. ಮಾಡಿದ್ದೆ, ಖರೆ ಮಾಡಿದ್ದೆ, ಆದರೆ ಸೈಟಿನ ಉದ್ಘಾಟನೆಯ ಬೆಳಿಗ್ಗೆ ಫೋಟೋ ಏರಲಿಲ್ಲ, ಅನುಮತಿ ಇಲ್ಲ, ಅನುಮತಿ ಇಲ್ಲ ಎಂದು ಪರದೆಯದು ಒಂದೇ ಹಟ, ಹೊರಗೆ ಮೈಕು ಹಲೋ ಹಲೋ ಎನ್ನುತ್ತಿದೆ, ಸಂಘದ ಅಧ್ಯಕ್ಷರು ಬಾಗಿಲಲ್ಲಿ, ಆತೇನ್ರಿ ಬಾಳೇಶ — ಸರ್ವರಿಗೆ ಅಡ್ಮಿನ್ ಅಧಿಕಾರ ಕೊಟ್ಟುಬಿಟ್ಟೆ, ಎಲ್ಲ ಏರಿತು, ಚಪ್ಪಾಳೆ ಬಿತ್ತು, ನನಗೊಂದು ಶಾಲು. ಸರ್, ಇನ್ನ ಆ ಅಧಿಕಾರ ತಗೀರಿ, ಅಂದಳು ಪ್ರತಿಮಾ. ತಗಿಯೋಣ ತಗೋ. ತೆಗೆಯಲಿಲ್ಲ. ನಡೆಯುವುದನ್ನು ಯಾಕೆ ಮುಟ್ಟಬೇಕು ಎಂಬ ಸೋಮಾರಿತನ, ಅಲ್ಲ, ಅವಳು ಹೇಳಿ ನಾನು ಮಾಡುವುದೇ ಎಂಬ ಬಿಗುಮಾನ, ಅದೇ, ಅದೇ.

ಹೋದ ವಾರ ಫೋಟೋ ಏರಿಸುವ ಪುಟದ ಸಂದಿಯಿಂದ ಯಾವನೋ ಹೊಕ್ಕ, ಸರ್ವರಿಗಿದ್ದ ಅಧಿಕಾರವೆಲ್ಲ ಅವನದಾಯಿತು, ಸೈಟಷ್ಟೇ ಕೆಟ್ಟಿದ್ದರೆ ಮತ್ತೆ ಕಟ್ಟುತ್ತಿದ್ದೆ, ಮೂಲ ಧ್ವನಿಮುದ್ರಣಗಳನ್ನೂ, ಅವುಗಳ ಪ್ರತಿ ಇಟ್ಟು ಕಂಪ್ಯೂಟರಿನಿಂದ ಕೀಳದೆ ಬಿಟ್ಟಿದ್ದ ಡಿಸ್ಕನ್ನೂ ಒರೆಸಿ ಹೋದ. ಉಳಿದ ಹಾಡುಗಾರರು ಬದುಕಿದ್ದಾರೆ, ಮತ್ತೆ ಹಾಡುತ್ತಾರೆ, ಇವಳ ಅವ್ವ ಕರೆವ್ವ? ಬೀಳಗಿ ಕಡೆ ಹಿನ್ನೀರ ದಂಡೆಯಲ್ಲಿ ಕುರಿ ಬಿಟ್ಟುಕೊಂಡು ಹಾಡಿದ್ದಳು, ಬೀರಪ್ಪನ ಹುಟ್ಟಿನ ಹಾಡು, ನಡುವೆ ಕೆಮ್ಮಿದಳು, ಬೆಳೆಗೆ ಬಾಯಿ ಹಾಕಿದ ಕುರಿಯನ್ನು ಬೈದಳು, ಬೈದದ್ದ ತಗೀಯಪಾ ಎಂದು ನಕ್ಕಳು, ನಾನು ತೆಗೆಯಲಿಲ್ಲ, ಚೆಂದವಿದೆ ಎಂದು ಉಳಿಸಿದ್ದೆ, ಉಳಿಸಿದ್ದೆನಂತೆ! ಪ್ರತಿಮಾ ಬೈದಿದ್ದರೆ ಚೆನ್ನಾಗಿತ್ತು, ಈಗಲೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾಳೆ — ಹೇಳಬೇಕು, ಮಾದೇವಕ್ಕ, ಹಾಡು ಹೋಗೇತ್ರಿ, ಅಳಿಸಿ ಹೋಗೇತಿ, ತಪ್ಪು ನಂದ. ಹೇಳಿದೆ. ಆದರೆ ಅವಳು ನನ್ನನ್ನೇ ಸಮಾಧಾನ ಮಾಡುತ್ತಿದ್ದಾಳೆ, ಇರ್ಲಿ ಬಿಡ್ರಿ ಸರ, ಮಿಷನ್ ಅಂದಮ್ಯಾಲ ಕೆಡ್ತಾವ, ಸಾವಕಾಶ ಹಚ್ರಿ, ನನ್ನ ಬಸ್ಸು ಸಂಜಿಗೈತಿ — ಇಲ್ರಿ, ಅದು ಇನ್ನ ಬರೂದಿಲ್ಲ — ಕೇಳಿಸಲಿಲ್ಲ, ಮೇಜಿನ ಮೇಲಿದ್ದ ಹೆಡ್‌ಫೋನು ಆಗಲೇ ಅವಳ ಕಿವಿಯೇರಿದೆ, ಸೆರಗು ಸರಿಸಿ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಾಳೆ, ಅದರ ವಾಯರು ಯಾವುದಕ್ಕೂ ಸಿಕ್ಕಿಸಿಲ್ಲ, ಗಾಳಿಯಲ್ಲಿ ಜೋತಾಡುತ್ತಿದೆ, ಅವಳು ಕಣ್ಣು ಮುಚ್ಚಿದ್ದಾಳೆ, ಕಿವಿಯಿಂದ ತೆಗೆದು ಇನ್ನೊಮ್ಮೆ ಹೇಳಬೇಕು, ಕೈ ಏಳುತ್ತಿಲ್ಲ, ತಲೆ ಒಂಚೂರು ವಾಲಿಸಿ, ಉಸಿರು ಹಿಡಿದು, ಕಣ್ಣು ಮುಚ್ಚಿದ್ದಾಳೆ, ಕಣ್ಣು ಮುಚ್ಚಿದ್ದಾಳೆ.