ಮರದ ಮೇಲೆ ಮೂರನೇ ದಿನ

ಮರ ಅಲುಗುತ್ತಿದೆ, ಮರ ಅಲುಗಿದರೆ ಗುಡಿಸಲೂ ಅಲುಗುತ್ತದೆ, ಗುಡಿಸಲು ಅಲುಗಿದರೆ ಸೊಳ್ಳೆಪರದೆ, ಪರದೆಯ ಮೇಲೆ ಸೂರಿನ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕಿಗಳು ಎಡಕ್ಕೆ ಹೋಗುತ್ತವೆ, ಬಲಕ್ಕೆ ಬರುತ್ತವೆ, ಮತ್ತೆ ಎಡಕ್ಕೆ — ನಾಲ್ಕು ಬೆರಳಿನಷ್ಟು ಓಲಾಟ, ಹೆಚ್ಚಿಲ್ಲ, ಆದರೂ ನನ್ನ ಕೆಲಸದಲ್ಲಿ ಇಷ್ಟು ಓಲಾಡುವ ಲಿಫ್ಟನ್ನು ಒಂದು ಗಳಿಗೆ ಓಡಲು ಬಿಡುತ್ತಿರಲಿಲ್ಲ, ಮೇನ್ ಆರಿಸಿ, ಬೋರ್ಡು ನೇತುಹಾಕಿ — ಬೋರ್ಡು. ಬೇಡ. ಚುಕ್ಕಿ ಎಣಿಸು. ಕೆಳಗೆ ಹೆಂಡತಿ ನಗುತ್ತಿದ್ದಾಳೆ, ಈ ಗುಡಿಸಲುಗಳ ಒಡತಿಯ ಜೊತೆ ಮಾತಿಗೆ ಕೂತಿರಬೇಕು, ಬಂದು ಮೂರು ದಿನವಾಗಿಲ್ಲ, ಆಗಲೇ ಅಕ್ಕತಂಗಿಯರ ಹಾಗೆ ಆಗಿಬಿಟ್ಟಿದ್ದಾರೆ, ಇವಳು ಮೊದಲಿನಿಂದಲೂ ಹೀಗೇ, ತಾನು ಕೆಲಸಕ್ಕಿರುವ ಕನ್ನಡಕದ ಅಂಗಡಿಯಲ್ಲಿ ಕೌಂಟರಿನ ಆಚೆ ನಿಂತವರು ಒಂದು ಫ್ರೇಮು ಆರಿಸುವಷ್ಟರಲ್ಲಿ ಅವರ ಸೊಸೆಯ ತವರುಮನೆಯ ಕಥೆಯವರೆಗೆ ಬಿಡಿಸಿಬಿಡುತ್ತಾಳೆ. ಆ ಅಂಗಡಿಯ ಗೋಡೆಯ ಮೇಲೇ ತಾನೆ ಆ ಕ್ಯಾಲೆಂಡರ್ ಇದ್ದದ್ದು, ಹನ್ನೆರಡು ತಿಂಗಳಿಗೆ ಹನ್ನೆರಡು ಗುಡಿಸಲು, ಕಡಲ ಪಕ್ಕದ್ದು, ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ್ದು, ಮರದ ಮೇಲಿನದು, ವರ್ಷ ಮುಗಿದರೂ ಅವಳು ಅದನ್ನು ಇಳಿಸಲಿಲ್ಲ, ರೀ, ಒಂದ್ಸಲ ಹೋಗೋಣ, ಒಂದೇ ಒಂದ್ಸಲ, ಸಿಮೆಂಟಿಲ್ಲದ ಕಡೆ ಮಲಗಿ ಬರೋಣ, ಎಂದು ಹತ್ತು ವರ್ಷ ತಲೆ ತಿಂದಳು, ರಜೆ ಯಾರು ಕೊಡ್ತಾರೆ ಎಂದು ಹತ್ತು ವರ್ಷ ನಾನು ರಾಗ ಎಳೆದೆ. ಈಗ ರಜೆ ತಾನಾಗಿ ಬಂತು. ಮಗಳನ್ನು ಅತ್ತಿಗೆಯ ಮನೆಯಲ್ಲಿ ಬಿಟ್ಟು ಹೊರಟಾಗ ಇವಳು ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು, ನೀವು ಕೇಳಿದ್ದೇ ತಡ ಕೊಟ್ರಲ್ಲ, ಸುಮ್ನೆ ನನ್ನ ಇಷ್ಟು ವರ್ಷ ಆಟ ಆಡಿಸಿದ್ರಿ, ಎಂದಳು. ಹೂಂ ಅಂದೆ. ಹೂಂ ಅನ್ನುವುದಕ್ಕೆ ಎಷ್ಟು ಕಡಿಮೆ ಉಸಿರು ಸಾಕು.

ಮೊದಲು ಹೊಳೆಯ ದಂಡೆಯ ಜೊಂಡಿನ ಗುಡಿಸಲು, ಗೋಡೆ ಅನ್ನುವುದು ಹೆಸರಿಗೆ ಮಾತ್ರ, ಪಕ್ಕದ ಗುಡಿಸಲಿನ ಗಂಡಹೆಂಡತಿ ಟೂತ್‌ಪೇಸ್ಟು ಮರೆತು ಬಂದದ್ದಕ್ಕೆ ಜಗಳ ತೆಗೆದರೆ ನಮ್ಮ ಮಂಚದ ಮೇಲೇ ಕೂತು ಆಡಿದ ಹಾಗೆ ಕೇಳುತ್ತಿತ್ತು, ಇವಳು ದಿಂಬಿಗೆ ಬಾಯಿ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಾಡಿನ ಹಲಗೆಮನೆ, ಅದಕ್ಕೊಂದು ಮರದ ಅಗುಳಿ, ಹಾಕಿದ ಅಗುಳಿಯನ್ನು ನಾನು ಎದ್ದೆದ್ದು ಹೋಗಿ ಎಳೆದು ನೋಡಿದೆ, ಗಟ್ಟಿ ಇದೆಯಾ, ಇದೆ, ಮತ್ತೆ ಎದ್ದೆ, ಇದೆ, ಇಲ್ಲಿ ಯಾವ ಕಳ್ಳ ಬರ್ತಾನೆ ಬಿಡಿ, ಕಪ್ಪೆ ಬಂದಾವು ಅಷ್ಟೇ, ಎಂದಳು, ಮಾರನೆಯ ಬೆಳಿಗ್ಗೆ ಬಯಲು ಬಚ್ಚಲಿನಿಂದ ಕೂಗಿದಳು, ರೀ, ಬನ್ನಿ ಬೇಗ, ಸೋಪಿನ ಡಬ್ಬೀಲಿ ಕಪ್ಪೆ ಕೂತಿದೆ, ಥೇಟ್ ನಿಮ್ಮ ಹಾಗೇ ಮುಖ ಗಂಟು ಹಾಕ್ಕೊಂಡಿದೆ. ನಕ್ಕೆ, ನಿಜವಾಗಿಯೂ ನಗು ಬಂತು, ನಗಬಹುದೇ ನಾನು, ಮೇಸ್ತ್ರಿ ಅಲ್ಲಿ ಒಬ್ಬರೇ ಕೂತಿರುವಾಗ. ಮೇಸ್ತ್ರಿ ಅಂದರೆ ನನಗೆ ಕೆಲಸ ಕಲಿಸಿದವರು, ಹದಿನಾರು ವರ್ಷ ಒಂದೇ ಗಾಡಿಯಲ್ಲಿ ಓಡಾಡಿದವರು, ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು, ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಬಿಚ್ಚೋಕೆ ಮುಂಚೆ ಬೋರ್ಡು ಹಾಕು, ಕಟ್ಟೋಕೆ ಮುಂಚೆ ಯೋಚನೆ ಮಾಡು, ಎಂದು ದಿನಾ ಹೇಳಿದರು, ದಿನಾ ಕೇಳಿದ ಮಾತು ಕಿವಿಯೊಳಗೆ ಮೇಣದ ಹಾಗೆ ಕೂತುಬಿಡುತ್ತದೆ, ಆಮೇಲೆ ಅದೇ ಮಾತು ಕೇಳಿಸುವುದಿಲ್ಲ. ಹಳೆಯ ಕಟ್ಟಡ, ಆರು ಮಹಡಿ, ಕೈಯಿಂದ ಎಳೆದು ತೆಗೆಯುವ ಬಾಗಿಲುಗಳು. ಲಿಫ್ಟು ಬಂದು ನಿಂತರೆ ಮಾತ್ರ ಬಾಗಿಲಿನ ಕೊಂಡಿ ಬಿಡಬೇಕು, ಬರದಿದ್ದರೆ ಎಷ್ಟು ಎಳೆದರೂ ಬಾಗಿಲು ತೆರೆಯಬಾರದು, ಇಡೀ ಲಿಫ್ಟಿನಲ್ಲಿ ಜೀವ ಕಾಯುವುದು ಆ ಬೆರಳುದ್ದದ ಕೊಂಡಿ. ನಾಲ್ಕನೇ ಮಹಡಿಯ ಕೊಂಡಿ ಸವೆದು ಕಚ್ಚಿಕೊಳ್ಳುತ್ತಿತ್ತು, ಲಿಫ್ಟು ನಡುದಾರಿಯಲ್ಲಿ ನಿಲ್ಲುತ್ತಿತ್ತು, ಹೊಸ ಕೊಂಡಿ ನಾಳೆ ಸಿಗುತ್ತದೆ, ಇವತ್ತು ನಿಲ್ಲಿಸಿಬಿಡೋಣ ಎಂದೆ, ಕಟ್ಟಡದ ಕಾರ್ಯದರ್ಶಿ ಬಿಡಲಿಲ್ಲ, ಆರನೇ ಮಹಡಿಯ ತಾತನ ಕಾಲಿಗೆ ಪ್ಲಾಸ್ಟರ್ ಹಾಕಿದಾರಪ್ಪ, ಅವ್ರನ್ನ ನೀನು ಹೊತ್ಕೊಂಡು ಹೋಗ್ತೀಯಾ, ಇವತ್ತೊಂದಿನ ಓಡೋ ಹಾಗೆ ಮಾಡು. ಮಾಡಿದೆ. ತಾಮ್ರದ ತಂತಿ ತೆಗೆದು ಕೊಂಡಿಯನ್ನು ಹಿಂದಕ್ಕೆ ಕಟ್ಟಿದೆ, ಇನ್ನೊಂದು ತುಂಡಿನಿಂದ ಬಾಗಿಲಿನ ಸ್ವಿಚ್ಚಿನ ಎರಡು ತುದಿಗಳನ್ನು ಜೋಡಿಸಿದೆ, ಬಾಗಿಲು ಮುಚ್ಚಿದೆ ಎಂದು ಯಂತ್ರ ನಂಬಿತು, ಎರಡು ನಿಮಿಷದ ಕೆಲಸ. ಮೇಸ್ತ್ರಿ ಆಗ ತಾರಸಿಯ ಮೇಲೆ ಮೋಟಾರು ನೋಡುತ್ತಿದ್ದರು, ಇಳಿದು ಬಂದು ಸರಿಯಾಯ್ತೇನೋ ಎಂದರು, ಆಯ್ತು ಮೇಸ್ತ್ರಿ ಎಂದೆ. ಬಾಗಿಲಿಗೆ ನೇತುಹಾಕುವ ಎಚ್ಚರಿಕೆಯ ಬೋರ್ಡು ಗಾಡಿಯಲ್ಲಿತ್ತು. ಹನಿ ಬೀಳುತ್ತಿತ್ತು, ಗಾಡಿ ರಸ್ತೆಯ ಆಚೆಗಿತ್ತು, ಇನ್ನೊಂದು ಕಡೆಯಿಂದ ಫೋನು ಬಂದಿತ್ತು, ಇವುಗಳಲ್ಲಿ ಯಾವುದಾದರೂ ಒಂದು ಕಾರಣವಾಗಿದ್ದರೂ ಸಾಕಿತ್ತು, ಯಾವುದೂ ಕಾರಣವಲ್ಲ, ನಾನು ಸುಮ್ಮನೆ ತರಲಿಲ್ಲ.

ರೀ, ಎದ್ದಿದೀರಾ, ಒಂಚೂರು ಇಲ್ಲಿ ನೋಡಿ. ಹೆಂಡತಿಯ ದನಿ. ಊಟದ ಬುಟ್ಟಿ ಸಿಕ್ಕಿಹಾಕಿಕೊಂಡಿದೆಯಂತೆ, ಇಲ್ಲಿ ಮೇಲೆ ಬರಬೇಕಾದದ್ದೆಲ್ಲ ರಾಟೆಯ ಹಗ್ಗದಲ್ಲಿ ಬರುತ್ತದೆ, ಮನುಷ್ಯರಿಗೆ ಮಾತ್ರ ಏಣಿ. ಒಡತಿ ಕೆಳಗಿನಿಂದ ಮುಖ ಎತ್ತಿ ನಗುತ್ತಾಳೆ, ನೀವು ದೊಡ್ಡ ದೊಡ್ಡ ಲಿಫ್ಟೆಲ್ಲ ರಿಪೇರಿ ಮಾಡ್ತೀರಂತಲ್ಲ ಅಣ್ಣ, ನಮ್ಮ ಈ ಬಡ ಲಿಫ್ಟು ನೋಡಿ ಸ್ವಲ್ಪ. ಕೈ ಮೇಲೇಳುವುದಿಲ್ಲ ಎಂದುಕೊಂಡೆ, ಎದ್ದಿತು, ಕೈಗೆ ನಾಚಿಕೆ ಎಂಬುದಿಲ್ಲ, ಹಗ್ಗ ರಾಟೆಯ ಗಾಲಿಯಿಂದ ಜಾರಿ ಪಕ್ಕದ ಸಂದಿಗೆ ಸಿಕ್ಕಿತ್ತು, ಬಿಡಿಸಿ, ಒರೆಸಿ, ಕೂರಿಸಿ, ಜಗ್ಗಿ ನೋಡಿ, ಇನ್ನೊಮ್ಮೆ ಜಗ್ಗಿ ನೋಡಿ, ಬುಟ್ಟಿ ಮೇಲೆ ಬಂತು, ಒಡತಿ ಚಪ್ಪಾಳೆ ತಟ್ಟಿದಳು, ಹೆಂಡತಿ ಏಣಿ ಹತ್ತುತ್ತಾ, ನಮ್ಮನೆಯವ್ರು ಮುಟ್ಟಿದ್ರೆ ಮುಗೀತು, ಎಂದಳು. ಮುಟ್ಟಿದರೆ ಮುಗೀತು. ಆ ಹೆಂಗಸೂ ಹೀಗೇ ತಮಾಷೆ ಮಾಡುತ್ತಿದ್ದಳು, ಕಟ್ಟಡ ಒರೆಸುವವಳು, ಎಲ್ಲರೂ ಬಕೆಟ್ಟಮ್ಮ ಅನ್ನುತ್ತಿದ್ದರು, ಏನಪ್ಪಾ, ಜನಾನ ಮೇಲೆ ಕಳಿಸೋದೇ ನಿನ್ ಕೆಲ್ಸಾನಾ, ಹುಷಾರು, ತೀರಾ ಮೇಲೆ ಕಳಿಸ್ಬಿಟ್ಟೀಯ, ಎಂದು ತನ್ನ ಮಾತಿಗೆ ತಾನೇ ನಗುತ್ತಿದ್ದಳು, ಅವಳ ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ದಿನಾ ಬೆಳಿಗ್ಗೆ ಒಂದೊಂದೇ ಮಹಡಿ ಒರೆಸಿಕೊಂಡು, ಕೋಲು ಎಳೆಯುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದು, ಬೆನ್ನ ಹಿಂದೆ ಕೈ ಚಾಚಿ ಲಿಫ್ಟಿನ ಬಾಗಿಲು ಎಳೆದು, ಒಳಗೆ ಹೆಜ್ಜೆಯಿಟ್ಟು, ಅದರ ನೆಲವನ್ನೂ ಒರೆಸಿಬಿಡುವುದು ಅವಳ ಪದ್ಧತಿ. ಬಾಗಿಲು ತೆರೆಯಿತು ಅಂದರೆ ಲಿಫ್ಟು ಇದೆ ಎಂದು ಅರ್ಥ, ಇಪ್ಪತ್ತು ವರ್ಷದಿಂದ ಹಾಗೇ ಇತ್ತು, ಅವಳೇಕೆ ತಿರುಗಿ ನೋಡಬೇಕು. ಮಾರನೆಯ ಬೆಳಿಗ್ಗೆ ನಾವು ಹೊಸ ಕೊಂಡಿ ಹಿಡಿದುಕೊಂಡು ಎಂಟು ಗಂಟೆಗೆ ಹೋದಾಗ ಕೆಳಗೆ ಜನ ಗುಂಪುಗೂಡಿದ್ದರು, ನಾನು ಕೆಳಗೆ ನೋಡಲಿಲ್ಲ, ಮೆಟ್ಟಿಲು ಹತ್ತಿ ಓಡಿದೆ, ನಾಲ್ಕನೇ ಮಹಡಿ, ಬಾಗಿಲು ಹಾರುಹೊಡೆದಿತ್ತು, ನೆಲದ ಮೇಲೆ ಒದ್ದೆಯ ಪಟ್ಟೆ, ಅಚ್ಚುಕಟ್ಟು, ಗೋಡೆಯಿಂದ ಶುರುವಾಗಿ ನೇರವಾಗಿ ಬಂದು, ಹೊಸ್ತಿಲವರೆಗೆ ಬಂದು, ಅಲ್ಲಿಗೆ ನಿಂತಿತ್ತು. ಇನ್ನೂ ಆರಿರಲಿಲ್ಲ. ಹಿಂದೆಯೇ ಏದುಸಿರು ಬಿಡುತ್ತಾ ಮೇಸ್ತ್ರಿ ಬಂದರು, ಬಾಗಿಲಿನ ಬೀಗದೊಳಗೆ ಟಾರ್ಚು ಬಿಟ್ಟು ನೋಡಿದರು, ತಂತಿಯ ತಿರುಚು ನೋಡಿದರು, ನಾನು ಎಡಚ, ನನ್ನ ತಿರುಚು ಉಲ್ಟಾ, ಅದು ಗೊತ್ತಿರುವುದು ಲೋಕದಲ್ಲಿ ಅವರೊಬ್ಬರಿಗೇ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬೈದಿದ್ದರೆ, ಕಪಾಳಕ್ಕೆ ಎರಡು ಬಿಟ್ಟಿದ್ದರೆ. ಇನ್ಸ್‌ಪೆಕ್ಟರು ಬಂದು ಇದನ್ನ ಕಟ್ಟಿದ್ದು ಯಾರ್ರೀ ಎಂದಾಗ, ನಾನೇ ಸಾರ್, ಎಂದರು ಮೇಸ್ತ್ರಿ. ನನ್ನ ಬಾಯಿ ತೆರೆಯಿತು, ತೆರೆದದ್ದು ನಿಜ, ತುಟಿ ಬೇರೆಯಾದದ್ದು ನನಗೆ ನೆನಪಿದೆ, ಆಮೇಲೆ ಮುಚ್ಚಿಕೊಂಡಿತು.

ಕಂಪನಿಯವರು ಹತ್ತು ದಿನ ಎಲ್ಲಾದರೂ ಹೋಗಿರು ಎಂದರು, ಮೇಸ್ತ್ರಿಯೂ ಅದನ್ನೇ ಹೇಳಿದರು, ಲೇ ಮರಿ, ನಿನಗೆ ಸಣ್ಣ ಮಗಳಿದಾಳೆ, ನನ್ನ ಮಕ್ಕಳು ದೊಡ್ಡವಾದ್ವು, ಹೋಗಿ ಬಾ, ಬಾಯಿಬಿಟ್ಟೀಯ ಜೋಕೆ. ಮೇಸ್ತ್ರಿ ಪೊಲೀಸರಿಗೆ ಹೇಳಿಕೆ ಬರೆದುಕೊಟ್ಟು ಸಹಿ ಹಾಕುವುದು ಸೋಮವಾರ ಎಂದಿದ್ದರು, ಸೋಮವಾರ ಇನ್ನೂ ನಾಲ್ಕು ದಿನ ದೂರ, ಅಷ್ಟರಲ್ಲಿ ವಾಪಸು ಹೋಗಿ ಹೇಳಿಬಿಡುತ್ತೇನೆ ಎಂದು ಜೊಂಡಿನ ಗುಡಿಸಲಿನಲ್ಲಿ ಅಂದುಕೊಂಡೆ, ಹಲಗೆಮನೆಯಲ್ಲಿ ಅಂದುಕೊಂಡೆ, ಇಲ್ಲೂ ಅಂದುಕೊಳ್ಳುತ್ತಲೇ ಇದ್ದೆ, ಅಂದುಕೊಳ್ಳುವುದೇ ಒಂದು ಕೆಲಸವಾಗಿ ಮೈಗೆ ಒಗ್ಗಿಹೋಗಿತ್ತು. ಫೋನು ಹೊಡೆದುಕೊಳ್ಳುತ್ತಿದೆ. ಈ ಕಾಡಿನಲ್ಲಿ ಸಿಗ್ನಲ್ ಸಿಗುವುದು ಮರದ ಮೇಲೆ ಮಾತ್ರ, ಹೆಂಡತಿಯ ಫೋನು, ಅವಳು ಬುಟ್ಟಿಯಿಂದ ನೀರಿನ ಕೊಡ ಎತ್ತಿ ಇಡುತ್ತಾ ಭುಜಕ್ಕೆ ಫೋನು ಒತ್ತಿಕೊಂಡಳು, ಹಾಂ ಅಕ್ಕಾ, ಹೇಳಿ ಅಕ್ಕಾ. ಮೇಸ್ತ್ರಿಯ ಹೆಂಡತಿ. ಇವಳ ಮುಖವನ್ನೇ ನೋಡುತ್ತಾ ಕೂತೆ, ಮೊದಲು ಹುಬ್ಬು, ಆಮೇಲೆ ಬಾಯಿ, ಯಾಕೆ ಅಕ್ಕಾ, ಯಾವಾಗ, ನಿನ್ನೇನಾ, ಅಯ್ಯೋ, ಅವ್ರು ಯಾಕೆ ಹಾಗೆ — ಸರಿ ಅಕ್ಕಾ, ಹೇಳ್ತೀನಿ. ಫೋನು ಇಟ್ಟಳು. ನೀವು ರಿಪೇರಿ ಮಾಡಿದ ಲಿಫ್ಟಿನ ಗುಂಡಿಗೆ ಬಿದ್ದು ಒಬ್ಬಳು ಸತ್ತಳಂತೆ, ತಂತಿ ಕಟ್ಟಿದ್ದು ತಾನೇ ಅಂತ ಮೇಸ್ತ್ರಿ ನಿನ್ನೇನೇ ಸಹಿ ಹಾಕಿಬಿಟ್ರಂತೆ ರೀ, ಒಳಗೆ ಇಟ್ಕೊಂಡಿದಾರಂತೆ. ಸೋಮವಾರದವರೆಗೆ ಯಾಕೆ ಕಾಯ್ಬೇಕು, ಅವನು ಅಷ್ಟರಲ್ಲಿ ಬಂದುಬಿಡ್ತಾನೆ, ಅಂದ್ರಂತೆ. ಊಟ ಬಿಡ್ಬೇಡ ಅಂತ ಅವನಿಗೆ ಹೇಳು ಅಂದ್ರಂತೆ. ಅವನು ಅಂದ್ರೆ ಯಾರ್ರೀ. ನೀವಾ. ಗಾಳಿ ಬಂತು, ಮರ ಅಲುಗಿತು, ಎಲೆಗಳೆಲ್ಲ ಒಟ್ಟಿಗೆ ಮಾತಾಡಿದವು, ಅವು ನಿಲ್ಲಲಿ ಎಂದು ಕಾದೆ, ನಿಂತವು. ಹೌದು, ಕಟ್ಟಿದ್ದು ನಾನು, ಎಂದೆ, ನನ್ನ ದನಿ ಪಕ್ಕದ ಗುಡಿಸಲಿನಿಂದ ಕೇಳಿದ ಹಾಗಿತ್ತು. ಅವಳ ಕೈಯಿಂದ ಕೊಡ ಜಾರಿತು, ನೀರು ಹಲಗೆಯ ಮೇಲೆಲ್ಲ ಹರಿಯಿತು. ಬಯ್ಯುತ್ತಾಳೆ ಎಂದುಕೊಂಡೆ. ಎದ್ದು ನಡೀರಿ, ಈಗಲೇ ಬಸ್ಸು ಹಿಡಿಯೋಣ, ಆ ಮುದುಕರನ್ನ ಒಳಗೆ ಹಾಕಿಸಿ ನೀವಿಲ್ಲಿ ಮರ ಹತ್ತಿ ಕೂತಿದೀರಾ, ಎನ್ನುತ್ತಾಳೆ, ಕುತ್ತಿಗೆ ಹಿಡಿದು ದಬ್ಬುತ್ತಾಳೆ, ಇಷ್ಟು ದಿನ ನಾನು ಕಾದದ್ದು ಅದಕ್ಕೇ ಇರಬೇಕು, ನನ್ನ ಕಾಲಿಗೆ ತಾನಾಗಿ ನಡೆಯಲು ಬರುವುದಿಲ್ಲ, ಯಾರಾದರೂ ನಡೆಸಬೇಕು, ಲೋಕದಲ್ಲಿ ನನ್ನನ್ನು ನಡೆಸಬಲ್ಲವಳು ಇವಳೊಬ್ಬಳೇ. ಅವಳು ಬಾಗಿಲಿಲ್ಲದ ಬಾಗಿಲಿನ ಕಡೆ ನೋಡಿದಳು, ಕೆಳಗೆ ಒಡತಿ ಇದ್ದಾಳೆಯೇ ಎಂದು ಬಗ್ಗಿ ನೋಡಿದಳು, ಹತ್ತಿರ ಬಂದಳು, ಅಂಗಡಿಯಲ್ಲಿ ಗಿರಾಕಿಯ ಮುಖಕ್ಕೆ ಕನ್ನಡಕ ಸರಿಮಾಡುವ ಹಾಗೆ ನನ್ನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಯಾರಿಗೂ ಹೇಳ್ಬೇಡಿ, ಎಂದಳು. ಅವರಾಗೇ ಒಪ್ಕೊಂಡಿದಾರೆ, ನಾವು ಕೇಳಿದ್ವಾ, ಅಕ್ಕನ್ನ ನಾನು ನೋಡ್ಕೋತೀನಿ, ದಿನಾ ಹೋಗಿ ಬರ್ತೀನಿ, ನೀವು ಒಳಗೆ ಹೋದ್ರೆ ನಾನು ಮಗು ಏನು ಮಾಡ್ಬೇಕು, ನನಗೂ ಹೇಳಿಲ್ಲ ಅಂದ್ಕೊಳ್ಳಿ, ನಾನೂ ಕೇಳಿಲ್ಲ. ಆಗ ನನ್ನೊಳಗೆ ಏನೋ ಹಗುರವಾಯಿತು, ಹೂಂ ಅಂದೆ, ಹಗುರವಾದದ್ದು ನಿಜ, ಅದಕ್ಕಿಂತ ಕೆಟ್ಟದ್ದು ಬೇರೆ ಏನಿದೆ, ಇನ್ನು ಮೇಲೆ ಸೋಮವಾರ ಬರುವುದಿಲ್ಲ, ಬಂದರೂ ನನಗೆ ಬರುವುದಿಲ್ಲ, ಮಗಳ ತಲೆ ಬಾಚುವಾಗ, ಅಕ್ಕ ಕಾಫಿ ಕೊಡುವಾಗ, ಹೊಸ ಹುಡುಗರಿಗೆ ಬೋರ್ಡು ಹಾಕೋದು ಮರೀಬೇಡ್ರೋ ಎಂದು ಹೇಳಿಕೊಡುವಾಗ ಈ ಹೂಂ ನನ್ನ ಬಾಯಲ್ಲೇ ಇರುತ್ತದೆ. ಹೆಂಡತಿ ಮೂಗು ಒರೆಸಿಕೊಂಡಳು, ನೆಲ ನೋಡಿ, ಛೇ, ಹಲಗೆಯೆಲ್ಲ ನೀರು, ಜಾರಿ ಬಿದ್ದೀರ, ಎಂದಳು. ಮೂಲೆಯಿಂದ ಹಳೇ ಬಟ್ಟೆ ತಂದು, ಕುಕ್ಕರುಗಾಲಿನಲ್ಲಿ ಕೂತು, ಒರೆಸುತ್ತಾ ಹಿಂದೆ ಸರಿಯತೊಡಗಿದಳು, ಒಂದು ಹಲಗೆ, ಇನ್ನೊಂದು ಹಲಗೆ, ಬೆನ್ನು ಏಣಿಯ ಕಡೆಗೆ, ನಿಲ್ಲು ಅನ್ನಬೇಕು, ಇನ್ನೊಂದು ಹಲಗೆ, ತಿರುಗಿ ನೋಡು ಅನ್ನಬೇಕು, ಬಾಯಿ ತೆರೆಯುತ್ತದೆ, ತುಟಿ ಬೇರೆಯಾಗುತ್ತದೆ, ಅವಳು ಅಂಚಿಗೆ ಒಂದು ಗೇಣು ಮೊದಲೇ ತಾನಾಗಿ ನಿಂತಳು, ಎದ್ದಳು, ಬಟ್ಟೆ ಹಿಂಡಿದಳು, ಏಣಿ ಇಳಿದು ಹೋದಳು, ನೆಲದ ಮೇಲೆ ಒದ್ದೆಯ ಪಟ್ಟೆ, ಅಚ್ಚುಕಟ್ಟು, ಗೋಡೆಯಿಂದ ಶುರುವಾಗಿ, ನೇರವಾಗಿ ಬಂದು, ಅಂಚಿನಲ್ಲಿ ನಿಂತು — ಒದ್ದೆಯ ಪಟ್ಟೆ — ಇನ್ನೂ ಆರಿಲ್ಲ —