ಫಲಕದ ಮೇಲಿನ ಗುರು

೧೯೯೪ರ ಜುಲೈ. ಧೂಮಕೇತುವಿನ ಚೂರುಗಳು ಗುರುಗ್ರಹಕ್ಕೆ ಬಡಿಯುತ್ತಿದ್ದ ವಾರ. ಆಗ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕಿಯಾಗಿದ್ದೆ. ಗ್ರಹದಿಂದ ಬರುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಅಲ್ಲಿ ಯಾವ ಅನಿಲವಿದೆ, ಎಷ್ಟಿದೆ ಎಂಬುದನ್ನು ಆ ಗೆರೆಗಳಿಂದಲೇ ಅಳೆಯುತ್ತಾರೆ. ಅದರ ಬಗ್ಗೆ ಸಂಜೆ ಉಪನ್ಯಾಸವಿತ್ತು. ಜನ ಬರಲೆಂದು ಗೇಟಿನ ಫಲಕದ ಮೇಲೆ ದಪ್ಪಗೆ ಬರೆದೆ: ‘ಗುರುವಿನ ಒಡಲಲ್ಲಿ ವಿಷಾನಿಲ ಪತ್ತೆ.’

ಮಧ್ಯಾಹ್ನ ಜವಾನ ಮಡಿವಾಳೆಪ್ಪ ಪ್ರಯೋಗಾಲಯಕ್ಕೆ ಓಡಿಬಂದ. ಫಲಕ ಓದಿದವರು ಪೇಟೆಯಲ್ಲಿ ಸುದ್ದಿ ಹೇಳಿದ್ದರಂತೆ. ಬರಿದೇ ಗುರು ಎನ್ನಲು ನಾಲಿಗೆ ಬಾರದೆ, ಮರ್ಯಾದೆಗೆ ಗುರುಗಳು ಎಂದಿದ್ದರು. ಜನ ಅಜ್ಜಾರು ಎಂದು ಕರೆಯುವ ನಮ್ಮ ಓಣಿಯ ಮಠದ ಸ್ವಾಮಿಗಳು ಎರಡು ದಿನದಿಂದ ವಾಂತಿಯಾಗಿ ಮಲಗಿದ್ದರು. ಗುರುಗಳೆಂದರೆ ಅವರೇ ಎಂದುಕೊಂಡು, ಮಠದ ಅಡುಗೆಯ ಕೆಂಚವ್ವನೇ ವಿಷ ಹಾಕಿದಳೆಂದು ಜನ ಅವಳನ್ನು ಕಟ್ಟಿಗೆಯ ಕೋಣೆಗೆ ನೂಕಿ ಅಗಳಿ ಹಾಕಿದ್ದರು.

“ಬಾಯಾರ, ನೀವು ಹಿತ್ತಲ ಬಾಗಿಲದಿಂದ ಮನಿಗೆ ಹೋಗ್ರಿ,” ಎಂದ. “ಕೇಳಿದ್ರ ನಾನ ಬರದೇನಿ ಅಂತೇನಿ.”

ಅವನಿಗೆ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ನಾನು ಮಠಕ್ಕೇ ಹೊರಟೆ. ಅವನೂ ನನ್ನ ಪಕ್ಕದಲ್ಲೇ ನಡೆದುಬಂದ.

ಅಂಗಳದಲ್ಲಿ ಅರವತ್ತು ಜನರಿದ್ದರು. ಎಣ್ಣೆ ಗಾಣದ ಶ್ರೀಶೈಲ ಬಡಿಗೆ ಹಿಡಿದು ಕೋಣೆಯ ಬಾಗಿಲಿಗೆ ನಿಂತಿದ್ದ. ಒಳಗಿನಿಂದ ಸದ್ದೇ ಇರಲಿಲ್ಲ. ನಾನು ಬರೆದದ್ದು ಆಕಾಶದ ಗುರುವಿನ ಬಗ್ಗೆ ಎಂದು ಹೇಳಿದೆ.

“ಯಾರರ ಅಲ್ಲಿಗೆ ಹೋಗಿ ಮೂಸಿ ಬಂದಾರೇನ್ರಿ?” ಎಂದ ಶ್ರೀಶೈಲ.

ಇಲ್ಲ, ಬೆಳಕು ನೋಡಿ ಹೇಳುತ್ತಾರೆ ಎಂದೆ. ಯಾರೋ ನಕ್ಕರು.

“ಹಂಗಾರ ನಮ್ಮ ಅಜ್ಜಾರ ಹೊಟ್ಟಿಯಾಗ ಏನೈತಿ, ಅದನ್ನೂ ಬೆಳಕು ನೋಡಿ ಹೇಳ್ರಿ. ಆಮ್ಯಾಲೆ ಅಗಳಿ ತಗೀತೇನಿ.”

ಕೋಟಿಗಟ್ಟಲೆ ಮೈಲು ದೂರದ ಅನಿಲ ನನಗೆ ಗೊತ್ತಿತ್ತು. ಹತ್ತು ಹೆಜ್ಜೆ ಆಚೆ ಮಲಗಿದವರ ಹೊಟ್ಟೆಯೊಳಗಿನದು ಗೊತ್ತಿರಲಿಲ್ಲ. ಬಡಿಗೆ ಹಿಡಿದ ಕೈ ಮೇಲೇಳುವುದು ಕಂಡಿತು.

ಆಗ ಸ್ವಾಮಿಗಳೇ ಗೋಡೆ ಹಿಡಿದು ಹೊರಬಂದರು. “ಹಳಸಿದ ಮೊಸರು ಆಕೀ ಬ್ಯಾಡ ಅಂದ್ರೂ ನಾನ ಕುಡದೆ,” ಎಂದರು. “ತಗೀರಿ ಬಾಗಿಲಾ. ಹಸಿವಾಗೇತಿ, ಗಂಜಿ ಮಾಡಲಿ.”

ಕೆಂಚವ್ವ ಹೊರಬಂದಳು, ಹಣೆಯಲ್ಲಿ ರಕ್ತವಿತ್ತು. ಮಡಿವಾಳೆಪ್ಪ ತನ್ನ ಹೆಗಲ ವಸ್ತ್ರ ಕೊಟ್ಟ. ಅವಳು ಯಾರನ್ನೂ ನೋಡದೆ ಒಲೆ ಹಚ್ಚಿದಳು.

ಗಂಜಿ ತಂದು ಸ್ವಾಮಿಗಳ ಮುಂದಿಟ್ಟವಳು, ಮೊದಲು ತನ್ನ ಅಂಗೈಗೆ ಒಂದಿಷ್ಟು ಸುರಿದುಕೊಂಡು ಕುಡಿದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಖಾಲಿ ಅಂಗೈಯನ್ನು ನಮ್ಮೆಲ್ಲರ ಕಡೆ ಹಿಡಿದು ಅವಳು ನಿಂತೇ ಇದ್ದಳು.